ಆಂಡ್ರಾಯ್ಡ್ ಕಲಿಯೋದಾ, ಐಫೋನ್ ಕಲಿಯೋದಾ? ನಾನು ಆರಿಸಿಕೊಂಡ ಬಗೆ

ಆ್ಯಪ್ ಮಾಡೋದು ಕಲಿಯಬೇಕು ಅಂತ ಊರಿನ ಹುಡುಗರು, ಹುಡುಗಿಯರು ಆಗಾಗ ಬಂದು ಕೇಳುತ್ತಾರೆ. ಆಂಡ್ರಾಯ್ಡ್ ಹಿಡಿಯಲಾ, ಐಫೋನ್ ಹಿಡಿಯಲಾ, ಇಲ್ಲಾ ಫ್ಲಟರ್ ಕಲಿತು ಎರಡಕ್ಕೂ ಒಟ್ಟಿಗೇ ಮಾಡಲಾ? ಯಾವುದಕ್ಕೆ ಮುಂದೆ ಬೇಡಿಕೆ ಅನ್ನೋದು ಅವರ ಚಿಂತೆ. ನಾನು ಅವರಿಗೆ ಎರಡೇ ವಿಷಯ ಕೇಳುತ್ತೇನೆ. ನಿಮ್ಮ ಮೊದಲ ಆ್ಯಪ್ ಬಳಸುವವರ ಕೈಯಲ್ಲಿ ಯಾವ ಫೋನ್ ಇದೆ? ನಿಮ್ಮ ಹತ್ತಿರ ಯಾವ ಕಂಪ್ಯೂಟರ್ ಇದೆ? ನಾನು ಆರಿಸಿಕೊಂಡದ್ದೂ ಹೀಗೇ.

2018ರಲ್ಲಿ ನಾನು ಪುತ್ತೂರು ಕಡೆಯ ಸಹಕಾರಿ ಸೊಸೈಟಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಡುತ್ತಿದ್ದೆ. ಆಗ ಒಂದು ಸೊಸೈಟಿಯವರು ಪಿಗ್ಮಿ ಸಂಗ್ರಹಕ್ಕೆ ಆ್ಯಪ್ ಬೇಕು ಅಂದರು. ನಮ್ಮ ಕರಾವಳಿಯಲ್ಲಿ ಪಿಗ್ಮಿ ಗೊತ್ತಿಲ್ಲದವರು ಇಲ್ಲ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಬ್ಯಾಂಕು, ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಲು ಶುರು ಮಾಡಿದ ಯೋಜನೆ ಅದು. ಇವತ್ತಿಗೂ ಏಜೆಂಟರು ಅಂಗಡಿ ಅಂಗಡಿಗೆ ಹೋಗಿ ಐವತ್ತು, ನೂರು ಪಡೆದು ರಸೀದಿ ಕೊಡುತ್ತಾರೆ. ಆ ರಸೀದಿ ಫೋನಿನಿಂದಲೇ ಬರಬೇಕಿತ್ತು. ಏಜೆಂಟರ ಹೆಗಲ ಚೀಲದಲ್ಲಿ ಇಡುವಷ್ಟು ಸಣ್ಣ ಬ್ಲೂಟೂತ್ ಪ್ರಿಂಟರ್‌ನಿಂದ.

ಏಜೆಂಟರ ಕೈಯಲ್ಲಿ ಇದ್ದದ್ದೆಲ್ಲ ಆಂಡ್ರಾಯ್ಡ್ ಫೋನು. ಇಡೀ ಭಾರತದಲ್ಲೇ ಹತ್ತು ಸ್ಮಾರ್ಟ್‌ಫೋನಿನಲ್ಲಿ ಒಂಬತ್ತಕ್ಕಿಂತ ಜಾಸ್ತಿ ಆಂಡ್ರಾಯ್ಡೇ, ಹಾಗಾಗಿ ಇದರಲ್ಲಿ ಆಶ್ಚರ್ಯ ಇಲ್ಲ. ಆದರೆ ನನ್ನ ತೀರ್ಮಾನ ಗಟ್ಟಿ ಮಾಡಿದ್ದು ಪ್ರಿಂಟರ್. ಈ ಅಗ್ಗದ ಪ್ರಿಂಟರ್‌ಗಳು ಹಳೇ ಬ್ಲೂಟೂತ್‌ನ ಸೀರಿಯಲ್ ಸಂಪರ್ಕದಲ್ಲಿ ಮಾತಾಡುತ್ತವೆ. ಬಳಕೆದಾರರ ಅನುಮತಿ ಇದ್ದರೆ ಆಂಡ್ರಾಯ್ಡ್‌ನಲ್ಲಿ ಯಾವ ಆ್ಯಪ್ ಬೇಕಾದರೂ ಆ ಸಂಪರ್ಕ ತೆರೆಯಬಹುದು. ಐಫೋನ್‌ನಲ್ಲಿ ಹಾಗಲ್ಲ. ಪ್ರಿಂಟರ್ ಮಾಡಿದ ಕಂಪನಿ ಐಫೋನ್‌ಗೆ ಜೋಡಿಸುವ ಸಾಧನಗಳಿಗೆ ಆ್ಯಪಲ್ ಒಪ್ಪಿಗೆ ಕೊಡುವ ಎಂಎಫ್‌ಐ ಯೋಜನೆಯಲ್ಲಿ ಸೇರಿರಬೇಕು, ಇಲ್ಲವೇ ಪ್ರಿಂಟರ್ ಹೊಸ ಬಗೆಯ ಬ್ಲೂಟೂತ್ ಲೋ ಎನರ್ಜಿಯಲ್ಲಿ ಕೆಲಸ ಮಾಡಬೇಕು. ಸೊಸೈಟಿ ಖರೀದಿಸಿದ್ದ ಪ್ರಿಂಟರ್ ಎರಡಕ್ಕೂ ಸೇರಿರಲಿಲ್ಲ. ಜೊತೆಗೆ ಐಫೋನ್ ಆ್ಯಪ್ ಕಟ್ಟುವ ಎಕ್ಸ್‌ಕೋಡ್ ಮ್ಯಾಕ್ ಬಿಟ್ಟು ಬೇರೆಲ್ಲೂ ನಡೆಯೋದಿಲ್ಲ. ನನ್ನದು ವಿಂಡೋಸ್ ಲ್ಯಾಪ್‌ಟಾಪ್.

ಆ ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ್‍ಯಾಮ್ ಇತ್ತು. ಆಂಡ್ರಾಯ್ಡ್ ಆ್ಯಪ್ ಬರೆಯುವ ಸಾಫ್ಟ್‌ವೇರ್ ಆದ ಆಂಡ್ರಾಯ್ಡ್ ಸ್ಟುಡಿಯೋ ತೆರೆದರೆ ಬೇರೇನೂ ಮಾಡೋ ಹಾಗಿಲ್ಲ. 8 ಜಿಬಿ ಮಾಡಿಸಿ, ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದೆ. ಕಂಪ್ಯೂಟರ್‌ನಲ್ಲೇ ನಕಲಿ ಫೋನ್ ತೋರಿಸುವ ಎಮ್ಯುಲೇಟರ್ ಮುಟ್ಟಲೇ ಇಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಅಂತ ಇರುತ್ತದೆ, ಅದನ್ನು ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಕೇಬಲ್ ಚುಚ್ಚಿದರೆ ಆಯಿತು, ಬರೆದ ಕೋಡ್ ನೇರ ಫೋನಿಗೇ ಹೋಗುತ್ತದೆ. ಕಲಿಯುವವರು ಮನೆಯಲ್ಲಿ ಬಿದ್ದಿರುವ ಹಳೇ ಫೋನನ್ನೇ ಇದಕ್ಕೆ ಬಳಸಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅದರಲ್ಲಿ ಸರಾಗವಾಗಿ ಓಡಿದ ಆ್ಯಪ್ ಏಜೆಂಟರ ಫೋನಿನಲ್ಲೂ ಓಡುತ್ತದೆ.

ಕೋಡ್ ಬರೆಯುವ ಭಾಷೆಯಾಗಿ ಕೋಟ್ಲಿನ್ ಹಿಡಿದೆ. 2017ರಲ್ಲಿ ಗೂಗಲ್ ಅದಕ್ಕೆ ಅಧಿಕೃತ ಬೆಂಬಲ ಕೊಟ್ಟಿತ್ತು, 2019ರಲ್ಲಿ ಕೋಟ್ಲಿನ್‌ಗೇ ಮೊದಲ ಆದ್ಯತೆ ಅಂದಿತು. ಆಗ ಸಿಗುತ್ತಿದ್ದ ಪಾಠಗಳಲ್ಲಿ ಹೆಚ್ಚಿನವು ಅದಕ್ಕಿಂತ ಹಳೇ ಭಾಷೆ ಜಾವಾದಲ್ಲೇ ಇದ್ದವು. ಹಾಗಾಗಿ ಜಾವಾ ಓದಲು ಕಲಿತೆ, ಬರೆದದ್ದು ಮಾತ್ರ ಕೋಟ್ಲಿನ್.

ಎಲ್ಲಕ್ಕಿಂತ ಜಾಸ್ತಿ ಕಲಿತದ್ದು ರಸೀದಿಯನ್ನು ಕನ್ನಡದಲ್ಲಿ ಮುದ್ರಿಸುವಾಗ. ನಾವು ಬಳಸಿದ ಪ್ರಿಂಟರ್‌ಗೆ ಇಂಗ್ಲಿಷ್ ಅಕ್ಷರ ಕಳಿಸಿದರೆ ಅದೇ ಬರೆಯುತ್ತದೆ, ಕನ್ನಡ ಕಳಿಸಿದರೆ ಏನೇನೋ ಚಿಹ್ನೆ ಬರುತ್ತವೆ. ದಾರಿ ಒಂದೇ, ಇಡೀ ರಸೀದಿಯನ್ನು ಚಿತ್ರವಾಗಿ ಬಿಡಿಸಿ ಕಳಿಸೋದು. 58 ಮಿಲಿಮೀಟರ್ ಕಾಗದದ ಪ್ರಿಂಟರ್‌ನಲ್ಲಿ ಒಂದು ಸಾಲಿಗೆ 384 ಚುಕ್ಕೆ. ಎಂಟು ಚುಕ್ಕೆಗೆ ಒಂದು ಬೈಟ್, ಅಂದರೆ ಸಾಲಿಗೆ 48 ಬೈಟ್. ಆಂಡ್ರಾಯ್ಡ್‌ನಲ್ಲಿ ಚಿತ್ರ ಬಿಡಿಸುವ ಕ್ಯಾನ್ವಾಸ್ ಮೇಲೆ ಕನ್ನಡ ಬರೆದರೆ ಒತ್ತಕ್ಷರ ಜೋಡಿಸುವ ಕೆಲಸವನ್ನು ಫೋನೇ ಮಾಡುತ್ತದೆ. ಆಮೇಲೆ ಪ್ರತಿ ಚುಕ್ಕೆಯೂ ಕಪ್ಪೋ ಬಿಳಿಯೋ ಅಂತ ನೋಡಿ ಬೈಟ್‌ಗಳಲ್ಲಿ ತುಂಬಿದೆ. ಮೊದಲ ಕಾಗದ ಹೊರಬಂದಾಗ ‘ಲಕ್ಷ್ಮಿ’ಯ ಒತ್ತುಗಳು ಕೆಳಗಿನ ಸಾಲಿಗೆ ತಾಗಿ ಕರಿ ಮುದ್ದೆಯಾಗಿದ್ದವು. ಇಂಗ್ಲಿಷ್‌ಗೆ ಸಾಕಾಗುವ ಸಾಲಿನ ಎತ್ತರ ಕನ್ನಡಕ್ಕೆ ಸಾಲದು. ಅಕ್ಷರ ಸ್ವಲ್ಪ ದೊಡ್ಡದು ಮಾಡಿ, ಸಾಲುಗಳ ನಡುವೆ ಜಾಗ ಬಿಟ್ಟ ಮೇಲೆ ಹೆಸರುಗಳು ಸ್ಪಷ್ಟವಾದವು. ತಮ್ಮ ಹೆಸರು ಕನ್ನಡದಲ್ಲಿ ಅಚ್ಚಾಗಿ ಬಂದ ಚೀಟಿಯನ್ನು ಮೀನು ಮಾರುವ ಹೆಂಗಸೊಬ್ಬರು ಗಟ್ಟಿಯಾಗಿ ಓದಿದ್ದನ್ನು ನಾನೇ ನಿಂತು ಕೇಳಿದ್ದೇನೆ. ಈ ಕೆಲಸ ನನಗೆ ಹಿಡಿಸಿದ್ದೇ ಅಲ್ಲಿ.

ಆಂಡ್ರಾಯ್ಡ್ 4.1 ಬರುವವರೆಗೆ, ಅಂದರೆ 2012ರವರೆಗೆ, ಬಹಳಷ್ಟು ಫೋನುಗಳಲ್ಲಿ ಕನ್ನಡದ ಬದಲು ಚೌಕಗಳೇ ಕಾಣುತ್ತಿದ್ದವು. ಐಫೋನ್‌ನಲ್ಲೂ ಕನ್ನಡ ಕೀಲಿಮಣೆ ಬಂದದ್ದು 2017ರ ಐಓಎಸ್ 11ರಲ್ಲಿ. ಈಗ ಎರಡರಲ್ಲೂ ಕನ್ನಡ ಚೆನ್ನಾಗಿದೆ, ಆ ಕಾರಣಕ್ಕೆ ಯಾವುದನ್ನೂ ಬಿಡಬೇಕಿಲ್ಲ.

ಆಂಡ್ರಾಯ್ಡ್‌ನ ಕಷ್ಟಗಳನ್ನೂ ಹೇಳಲೇಬೇಕು. ಪ್ರತಿ ಆವೃತ್ತಿಗೂ ಅನುಮತಿಯ ನಿಯಮ ಬದಲಾಗುತ್ತದೆ. ಆಂಡ್ರಾಯ್ಡ್ 6ರಿಂದ 11ರವರೆಗೆ ಅಕ್ಕಪಕ್ಕದ ಬ್ಲೂಟೂತ್ ಸಾಧನ ಹುಡುಕಲು ಲೊಕೇಶನ್ ಅನುಮತಿ ಬೇಕಿತ್ತು. ಒಬ್ಬ ಹಿರಿಯ ಏಜೆಂಟರು, “ಪ್ರಿಂಟರ್‌ಗೆ ಲೊಕೇಶನ್ ಯಾಕೆ ಮಾರಾಯ್ರೆ, ನಾನು ಎಲ್ಲಿಗೆ ಹೋಗ್ತೇನೆ ಅಂತ ಸೊಸೈಟಿಯವರಿಗೆ ನೋಡ್ಲಿಕ್ಕಾ?” ಅಂದರು. “ಇಲ್ಲ ಅಣ್ಣ, ಪ್ರಿಂಟರ್ ಹುಡುಕ್ಲಿಕ್ಕೆ ಮಾತ್ರ” ಅಂದೆ. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಆಮೇಲೆ ನಾನು ಆ್ಯಪ್‌ನಲ್ಲೇ ಹುಡುಕುವ ಭಾಗ ತೆಗೆದು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಜೋಡಿಸಿದ ಪ್ರಿಂಟರ್‌ಗಳ ಪಟ್ಟಿ ಮಾತ್ರ ತೋರಿಸಿದೆ. ಲೊಕೇಶನ್ ಕೇಳುವ ಅಗತ್ಯವೇ ಬೀಳಲಿಲ್ಲ. ಆಂಡ್ರಾಯ್ಡ್ 12ರಲ್ಲಿ ಬ್ಲೂಟೂತ್‌ಗೆ ಬೇರೆ ಅನುಮತಿಯೇ ಬಂತು, ಅದಕ್ಕೆ ಮತ್ತೆ ಕೋಡ್ ತಿದ್ದಿದ್ದಾಯಿತು. ಇನ್ನು ಕೆಲವು ಫೋನುಗಳು ಬ್ಯಾಟರಿ ಉಳಿಸಲು ಹಿನ್ನೆಲೆಯ ಕೆಲಸವನ್ನು ಸುಮ್ನೆ ನಿಲ್ಲಿಸಿಬಿಡುತ್ತವೆ. ಅದಕ್ಕೇ ಲೆಕ್ಕ ಕಳಿಸುವುದನ್ನು ರಾತ್ರಿಗೆ ಬಿಡದೆ, ಏಜೆಂಟರು ಆ್ಯಪ್ ತೆರೆದಾಗಲೇ ಮುಗಿಸುವ ಹಾಗೆ ಮಾಡಿದೆ.

ಫ್ಲಟರ್ ಕಲಿತದ್ದು ಆಮೇಲೆ. ಒಂದು ಶಾಲೆಯವರು ಪೋಷಕರಿಗಾಗಿ ಆ್ಯಪ್ ಕೇಳಿದರು. ನಮ್ಮ ಕಡೆ ಮಕ್ಕಳು ಇಲ್ಲಿ ಓದುತ್ತಾರೆ, ಅಪ್ಪಂದಿರು ದುಬೈ, ಕತಾರ್‌ನಲ್ಲಿ ಇರುತ್ತಾರೆ. ಅವರಲ್ಲಿ ಹಲವರ ಕೈಯಲ್ಲಿ ಐಫೋನ್. ಎರಡೂ ಬೇಕಿತ್ತು, ಮಾಡುವವನು ನಾನೊಬ್ಬನೇ. ಫ್ಲಟರ್‌ನ ಡಾರ್ಟ್ ಭಾಷೆ ಕೋಟ್ಲಿನ್ ಬಲ್ಲವರಿಗೆ ಕಷ್ಟವಲ್ಲ. ಕೋಡ್ ತಿದ್ದಿ ಸೇವ್ ಮಾಡಿದ ಕೂಡಲೇ ಸ್ಕ್ರೀನ್ ಬದಲಾಗೋದು ನೋಡಿದರೆ ಖುಷಿಯಾಗುತ್ತದೆ. ಆದರೆ ಒಂದು ವಿಷಯ ಹೊಸಬರಿಗೆ ಯಾರೂ ಮೊದಲೇ ಹೇಳೋದಿಲ್ಲ. ಫ್ಲಟರ್‌ನಲ್ಲಿ ಬರೆದರೂ ಐಫೋನ್ ಆ್ಯಪ್ ಕಟ್ಟಲು ಕೊನೆಗೆ ಎಕ್ಸ್‌ಕೋಡ್ ಬೇಕೇ ಬೇಕು, ಅಂದರೆ ಒಂದು ಮ್ಯಾಕ್ ಬೇಕು, ನಿಮ್ಮದೋ ಬಾಡಿಗೆಯದೋ. ನಾನು ಎಂ1 ಮ್ಯಾಕ್ ಮಿನಿ ಕೊಂಡೆ. 2020ರಲ್ಲಿ ಬಂದಾಗ ಅದರ ಬೆಲೆ 64,900 ರೂಪಾಯಿಯಿಂದ ಶುರು. ಅದರ ಮೇಲೆ ಆ್ಯಪ್ ಬಿಡುಗಡೆ ಮಾಡುವ ಖಾತೆಗೆ ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್. ಗೂಗಲ್ ಪ್ಲೇಗೆ ಒಮ್ಮೆ 25 ಡಾಲರ್ ಕಟ್ಟಿದರೆ ಮುಗಿಯಿತು.

ಫೋನಿನ ಸೌಲಭ್ಯಗಳನ್ನು ಫ್ಲಟರ್‌ಗೆ ಜೋಡಿಸುವ ಪ್ಲಗಿನ್ ಕೈಕೊಟ್ಟಾಗ ದೋಷ ಕಾಣಿಸೋದು ಹೆಚ್ಚಾಗಿ ಡಾರ್ಟ್‌ನಲ್ಲಲ್ಲ, ಆಂಡ್ರಾಯ್ಡ್ ಆ್ಯಪ್ ಕಟ್ಟುವ ಗ್ರೇಡಲ್‌ನಲ್ಲೋ ಎಕ್ಸ್‌ಕೋಡ್‌ನಲ್ಲೋ. ನೋಟಿಫಿಕೇಶನ್ ಬರದೇ ಹೋದಾಗ ನಾನು ಕೋಟ್ಲಿನ್ ಕಡೆಯ ಕೋಡ್ ತೆರೆದು ಸರಿ ಮಾಡಿಕೊಂಡೆ. ಅಡಿಪಾಯ ಇಲ್ಲದೇ ಬಂದವರು ಇಲ್ಲೇ ಸಿಕ್ಕಿಹಾಕಿಕೊಳ್ಳೋದನ್ನು ಜಾಸ್ತಿ ನೋಡಿದ್ದೇನೆ. ಅದಕ್ಕೇ ಮೊದಲು ಆಂಡ್ರಾಯ್ಡೋ ಐಫೋನೋ, ಒಂದು ವೇದಿಕೆಯನ್ನು ಬುಡದಿಂದ ಕಲಿಯಿರಿ, ಫ್ಲಟರ್ ಆಮೇಲೆ ಅನ್ನುತ್ತೇನೆ. ಈಗಾಗಲೇ ವೆಬ್ ಕೆಲಸ ಮಾಡುತ್ತಾ ರಿಯಾಕ್ಟ್ ಚೆನ್ನಾಗಿ ಬಲ್ಲವರಿಗೆ, ಫ್ಲಟರ್ ಹಾಗೇ ಎರಡೂ ಫೋನಿಗೆ ಆ್ಯಪ್ ಮಾಡುವ ರಿಯಾಕ್ಟ್ ನೇಟಿವ್ ಹತ್ತಿರದ ದಾರಿ.

ಎಲ್ಲರೂ ಆಂಡ್ರಾಯ್ಡೇ ಕಲಿಯಬೇಕು ಅಂತಲೂ ಅಲ್ಲ. ಅಕ್ಕನ ಮಗಳಿಗೆ ಬೆಂಗಳೂರಿನ ಆಫೀಸಿನಲ್ಲಿ ಮ್ಯಾಕ್‌ಬುಕ್ ಕೊಟ್ಟಿದ್ದರು. ಅವರ ಗ್ರಾಹಕರು ಅಮೆರಿಕದವರು, ಅಲ್ಲಿ ಐಫೋನ್ ಬಳಸುವವರೇ ಜಾಸ್ತಿ. “ಮಾವ, ನಾನೂ ಕೋಟ್ಲಿನ್ ಕಲೀಲಾ?” ಅಂದಳು. ಬೇಡ, ಐಫೋನ್‌ನ ಭಾಷೆ ಸ್ವಿಫ್ಟ್ ಮತ್ತು ಅದರಲ್ಲಿ ಸ್ಕ್ರೀನ್ ಕಟ್ಟುವ ಸ್ವಿಫ್ಟ್‌ಯುಐ ಹಿಡಿ ಅಂದೆ. ಐಫೋನ್‌ನಲ್ಲಿ ಮಾದರಿಗಳು ಕಡಿಮೆ, ಒಂದರಲ್ಲಿ ನಡೆದದ್ದು ಸಾಮಾನ್ಯವಾಗಿ ಇನ್ನೊಂದರಲ್ಲೂ ನಡೆಯುತ್ತದೆ. ಅವಳಿಗೆ ಅದೇ ಸರಿಯಾಯಿತು.

ಇವತ್ತು ಆಂಡ್ರಾಯ್ಡ್ ಶುರು ಮಾಡುವವರು ಕೋಟ್ಲಿನ್ ಜೊತೆ ನೇರ, ಸ್ಕ್ರೀನ್ ಕಟ್ಟುವ ಜೆಟ್‌ಪ್ಯಾಕ್ ಕಂಪೋಸ್ ಕಲಿಯಬಹುದು. 2021ರಲ್ಲಿ ಅದರ 1.0 ಬಂತು, ನಾವು ಎಕ್ಸ್‌ಎಂಎಲ್‌ನಲ್ಲಿ ಸ್ಕ್ರೀನ್ ಕಟ್ಟುತ್ತಿದ್ದ ಅರ್ಧ ಕೆಲಸ ಕಡಿಮೆಯಾಯಿತು. ಆ್ಯಪ್ ಸಿದ್ಧವಾದ ಮೇಲೆ ಪ್ಲೇ ಸ್ಟೋರ್‌ನ ಒಂದು ನಿಯಮ ನೆನಪಿರಲಿ. 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಎಲ್ಲರಿಗೂ ಬಿಡುಗಡೆ ಮಾಡುವ ಮುಂಚೆ ಕನಿಷ್ಠ 12 ಜನ 14 ದಿನ ಬಿಡದೆ ಪರೀಕ್ಷೆಯಲ್ಲಿ ಇರಬೇಕು. ಮೊದಲು ಇದು 20 ಜನ ಇತ್ತು. ಬಳಸುವವರನ್ನು ನೋಡಿಯೇ ವೇದಿಕೆ ಆರಿಸಿದವರಿಗೆ ಆ ಹನ್ನೆರಡು ಜನ ಸಿಗೋದು ಕಷ್ಟವಲ್ಲ. ಸೊಸೈಟಿಯ ಏಜೆಂಟರು, ಅಂಗಡಿಯವರು, ಶಾಲೆಯ ಟೀಚರ್‌ಗಳು, ಯಾರಿಗಾಗಿ ಆ್ಯಪ್ ಮಾಡಿದಿರೋ ಅವರ ಜೀಮೇಲ್ ವಿಳಾಸಗಳನ್ನು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.