ತೂಕದ ಬಟನ್ ಒತ್ತಿದರೆ ಮಾತ್ರ ಬರುತ್ತಿದ್ದ ಎರರ್

2023ರ ಜುಲೈ ಕೊನೆಯ ವಾರ. ಬೆಳಿಗ್ಗೆ ಹತ್ತೂವರೆಗೆ ಪೀಣ್ಯದ ಒಂದು ಕಾರ್ಖಾನೆಯಿಂದ ಫೋನ್ ಬಂತು. ಅಕೌಂಟ್ಸ್ ನೋಡಿಕೊಳ್ಳುವ ಮೇಡಂ.

"ಸರ್, ತೂಕದ ಬಟನ್ ಒತ್ತಿದ್ರೆ ಏನೋ ಎರರ್ ಬರ್ತಾ ಇದೆ. ಲಾರಿ ಗೇಟಲ್ಲೇ ನಿಂತಿದೆ."

ಹಿಂದಿನ ಸಂಜೆಯಷ್ಟೇ ಅಲ್ಲಿ ಹೊಸ ವರ್ಷನ್ ಹಾಕಿ ಬಂದಿದ್ದೆ. ಎದೆ ಧಸಕ್ ಅಂತು. ತೂಕ ಬರದಿದ್ದರೆ ಬಿಲ್ ಇಲ್ಲ, ಬಿಲ್ ಇಲ್ಲದಿದ್ದರೆ ಇ-ವೇ ಬಿಲ್ ಇಲ್ಲ, ಅದಿಲ್ಲದೆ ಲಾರಿ ಹೊರಡುವ ಹಾಗಿಲ್ಲ.

ನಮ್ಮದು ರಾಜಾಜಿನಗರದಲ್ಲಿ ನಾಲ್ಕು ಜನ ಸೇರಿ ನಡೆಸುವ ಸಣ್ಣ ಆಫೀಸು. ಪೀಣ್ಯ, ದಾಸರಹಳ್ಳಿ ಕಡೆಯ ಕಾರ್ಖಾನೆಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಸಿ ಶಾರ್ಪ್ ಭಾಷೆಯಲ್ಲಿ ಬರೆದ, ವಿಂಡೋಸ್‌ನಲ್ಲಿ ಓಡುವ ವಿನ್‌ಫಾರ್ಮ್ಸ್ ಪ್ರೋಗ್ರಾಂ. ವರ್ಷಗಳಿಂದ ಡಾಟ್‌ನೆಟ್ ಫ್ರೇಮ್‌ವರ್ಕ್ (ಇಂಥ ಪ್ರೋಗ್ರಾಂಗಳನ್ನು ಓಡಿಸುವ ಮೈಕ್ರೋಸಾಫ್ಟ್‌ನ ವ್ಯವಸ್ಥೆ) 4.5.2ರ ಮೇಲೆ ಓಡುತ್ತಿತ್ತು. ಓಡುವುದನ್ನು ಮುಟ್ಟಬಾರದು ಅಂತ ನಾವೂ ಮುಟ್ಟಿರಲಿಲ್ಲ.

ಮುಟ್ಟಲೇಬೇಕಾದ ಕಾಲ ಬಂತು. ಆ ಆಗಸ್ಟ್ 1ರಿಂದ ವಹಿವಾಟು 5 ಕೋಟಿ ರೂಪಾಯಿ ದಾಟಿದವರು ಬೇರೆ ವ್ಯಾಪಾರಿಗಳಿಗೆ ಮಾರುವ ಮಾಲಿಗೆಲ್ಲ ಜಿಎಸ್‌ಟಿ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗುವ ಬಿಲ್) ಮಾಡಬೇಕಿತ್ತು. 2020ರ ಅಕ್ಟೋಬರ್‌ನಲ್ಲಿ ಇದು ಶುರುವಾದಾಗ ಮಿತಿ 500 ಕೋಟಿ. ಇಳಿಯುತ್ತಾ ಇಳಿಯುತ್ತಾ 2022ರ ಅಕ್ಟೋಬರ್‌ಗೆ 10 ಕೋಟಿ ಆಗಿತ್ತು. 5 ಕೋಟಿ ಅಂದಾಗ ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಳಗೆ ಬಂದರು.

ಇ-ಇನ್‌ವಾಯ್ಸ್ ಕಳಿಸಲು ನಾವು ತಂದ ಹೊಸ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಡಾಟ್‌ನೆಟ್ ಸ್ಟ್ಯಾಂಡರ್ಡ್ 2.0ಗೆ, ಅಂದರೆ ಬೇರೆ ಬೇರೆ ಡಾಟ್‌ನೆಟ್‌ಗಳಿಗೆ ಸಾಮಾನ್ಯವಾದ ಮಾನದಂಡಕ್ಕೆ, ಬರೆದದ್ದು. ಅದಕ್ಕೆ ನ್ಯೂಟನ್‌ಸಾಫ್ಟ್ ಜೇಸನ್ (ಜೇಸನ್ ರೂಪದ ಡೇಟಾ ಓದಿ ಬರೆಯುವ ಪ್ಯಾಕೇಜ್) ವರ್ಷನ್ 13 ಬೇಕು. ನಮ್ಮಲ್ಲಿದ್ದದ್ದು 9. ಹಾಗಾಗಿ ಪ್ಯಾಕೇಜ್ ಏರಿಸಿದೆವು, ಫ್ರೇಮ್‌ವರ್ಕನ್ನೂ 4.8ಕ್ಕೆ ಏರಿಸಿದೆವು. ನಮ್ಮ ಆಫೀಸಿನಲ್ಲಿ ಬಿಲ್ಡ್ ಆಯಿತು, ಇ-ಇನ್‌ವಾಯ್ಸ್ ಹೋಯಿತು, ಟೇಬಲ್ ಮೇಲಿದ್ದ ಚಿಕ್ಕ ತಕ್ಕಡಿಯಿಂದ ತೂಕವೂ ಬಂತು. ಪೀಣ್ಯದಲ್ಲಿ ಬರಲಿಲ್ಲ.

ಮೇಡಂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊದಲ್ಲಿ ಎರರ್ ಅರ್ಧ ಕತ್ತರಿಸಿತ್ತು. ಕೊನೆಯಲ್ಲಿ 80131040 ಎಂಬ ಸಂಖ್ಯೆ ಮಾತ್ರ ಸ್ಪಷ್ಟವಾಗಿತ್ತು. ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ಕೆಲಸ ಮಾಡುವವರು ಈ ಸಂಖ್ಯೆಯನ್ನು ಗುರುತಿಟ್ಟುಕೊಳ್ಳಬೇಕು. ಡಿಎಲ್‌ಎಲ್ (ಪ್ರೋಗ್ರಾಂ ಬಳಸುವ ಕೋಡ್ ಇರುವ ಫೈಲ್) ಸಿಕ್ಕಿದೆ, ಆದರೆ ಕೇಳಿದ ವರ್ಷನ್ ಅದಲ್ಲ ಎಂದು ಇದರ ಅರ್ಥ. ಫೈಲೇ ಇಲ್ಲದಿದ್ದರೆ ಬರುವ ಎರರ್ ಬೇರೆ. 32 ಬಿಟ್, 64 ಬಿಟ್ ಅದಲುಬದಲಾದರೆ ಬರುವುದೂ ಬೇರೆ.

ಗಾಬರಿಯಲ್ಲಿ ನಾನು ಮೊದಲು ಮಾಡಿದ್ದು ತಪ್ಪು ಕೆಲಸ. ರಿಮೋಟ್‌ನಲ್ಲಿ ಹೋಗಿ ಹಳೆಯ ನ್ಯೂಟನ್‌ಸಾಫ್ಟ್ ಡಿಎಲ್‌ಎಲ್ ತಂದು ಹೊಸದರ ಮೇಲೆ ಹಾಕಿದೆ. ತೂಕ ಬಂತು! ಹಾಗೇ ಇ-ಇನ್‌ವಾಯ್ಸ್ ನಿಂತುಹೋಯಿತು. ಆಗಸ್ಟ್ ಇನ್ನೂ ಬಂದಿರಲಿಲ್ಲವಾದ್ದರಿಂದ ಆ ಲಾರಿಯನ್ನು ಮಾಮೂಲಿ ಬಿಲ್‌ನಲ್ಲೇ ಕಳಿಸಿದರು. ಅಷ್ಟರಲ್ಲಿ ನಾನು ಮೆಟ್ರೊ ಹತ್ತಿದ್ದೆ.

ಪೀಣ್ಯ ಇಂಡಸ್ಟ್ರಿ ಸ್ಟೇಷನ್‌ನಲ್ಲಿ ಇಳಿಯುವ ಹೊತ್ತಿಗೆ ಒಂದು ವಿಷಯ ಖಚಿತವಾಗಿತ್ತು. ವಠಾರದಲ್ಲಿ ಹತ್ತು ಮನೆಗೆ ಒಂದೇ ನಲ್ಲಿ ಇರುತ್ತದಲ್ವಾ, ಹಾಗೆ ಪ್ರೋಗ್ರಾಂ ಫೋಲ್ಡರ್‌ನಲ್ಲಿ ಆ ಹೆಸರಿನ ಡಿಎಲ್‌ಎಲ್ ಒಂದೇ ಇರಲು ಸಾಧ್ಯ. ಇಬ್ಬರು ಎರಡು ಬೇರೆ ವರ್ಷನ್ ಕೇಳುತ್ತಿದ್ದಾರೆ. ಒಬ್ಬರು ಇ-ಇನ್‌ವಾಯ್ಸ್ ಭಾಗ. ಇನ್ನೊಬ್ಬರು ಯಾರು? ಅವರು ಕೇಳುತ್ತಿರುವುದು ಯಾವುದನ್ನು? ಇದು ಗೊತ್ತಾಗುವವರೆಗೆ ಏನನ್ನೂ ಅಪ್‌ಡೇಟ್ ಮಾಡಬಾರದು, ಡೌನ್‌ಗ್ರೇಡೂ ಮಾಡಬಾರದು. ನಾನು ಇವತ್ತಿಗೂ ಕಿರಿಯರಿಗೆ ಮೊದಲು ಹೇಳುವುದು ಇದನ್ನೇ.

ಅಲ್ಲಿ ಕೂತು ಫ್ಯೂಷನ್ ಲಾಗ್ ಆನ್ ಮಾಡಿದೆ. ಯಾವ ಡಿಎಲ್‌ಎಲ್ ಅನ್ನು ಯಾರು ಕೇಳಿದರು, ಎಲ್ಲೆಲ್ಲಿ ಹುಡುಕಲಾಯಿತು, ಕೊನೆಗೆ ಏನಾಯಿತು ಅಂತ ಡಾಟ್‌ನೆಟ್ ಫ್ರೇಮ್‌ವರ್ಕ್ ತಾನೇ ಬರೆದಿಡುವ ಲಾಗ್ ಅದು. ಅದನ್ನು ನೋಡುವ ಟೂಲ್ ವಿಂಡೋಸ್ ಎಸ್‌ಡಿಕೆ ಜೊತೆ ಬರುತ್ತದೆ, ಗಿರಾಕಿಯ ಕಂಪ್ಯೂಟರ್‌ನಲ್ಲಿ ಇರುವುದಿಲ್ಲ. ಪರವಾಗಿಲ್ಲ. ವಿಂಡೋಸ್‌ನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಎಚ್‌ಕೆಎಲ್‌ಎಂ, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಫ್ಯೂಷನ್ ಕೆಳಗೆ ಫೋರ್ಸ್‌ಲಾಗ್, ಲಾಗ್‌ಫೇಲ್ಯೂರ್ಸ್ ಎರಡಕ್ಕೂ 1 ಕೊಟ್ಟು, ಲಾಗ್‌ಪಾಥ್‌ಗೆ ಒಂದು ಫೋಲ್ಡರ್ ಕೊಟ್ಟರೆ ಸಾಕು. ಫೋಲ್ಡರ್ ಮೊದಲೇ ಮಾಡಿಟ್ಟಿರಬೇಕು. ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆಯಬೇಕು. ಕೆಲಸ ಮುಗಿದ ಮೇಲೆ ಮರೆಯದೆ ಆಫ್ ಮಾಡಬೇಕು, ಇಲ್ಲದಿದ್ದರೆ ಕಂಪ್ಯೂಟರ್ ನಿಧಾನವಾಗುತ್ತದೆ.

ಹೊಸ ಡಿಎಲ್‌ಎಲ್ ವಾಪಸ್ ಇಟ್ಟು ತೂಕದ ಬಟನ್ ಒತ್ತಿದೆ. ಲಾಗ್ ಬಂತು. ಕೇಳಿದವರು: ತಕ್ಕಡಿ ಓದುವ ಡಿಎಲ್‌ಎಲ್. ಕೇಳಿದ್ದು: ನ್ಯೂಟನ್‌ಸಾಫ್ಟ್ ಜೇಸನ್ 6.0.0.0. ಅದರ ಕೆಳಗಿನ ಸಾಲು ಓದಿ ಸುಮ್ನೆ ಕೂತುಬಿಟ್ಟೆ. ಕಾನ್ಫಿಗ್ ಫೈಲ್‌ನಲ್ಲಿ (ಪ್ರೋಗ್ರಾಂನ ಸೆಟ್ಟಿಂಗ್‌ಗಳಿರುವ ಫೈಲ್) ರಿಡೈರೆಕ್ಟ್ ಸಿಕ್ಕಿದೆ, 6.0.0.0 ಬದಲು 9.0.0.0 ಕೊಡಬೇಕು ಎಂದಿತ್ತು. ಫೋಲ್ಡರ್‌ನಲ್ಲಿ ಸಿಕ್ಕಿದ್ದು 13.0.0.0. ಮೇಜರ್ ವರ್ಷನ್ (ಮೊದಲ ಸಂಖ್ಯೆ) ಹೊಂದುತ್ತಿಲ್ಲ, ಮುಗಿಯಿತು.

9 ಎಲ್ಲಿಂದ ಬಂತು? ನಮ್ಮ ಕಾನ್ಫಿಗ್‌ನಲ್ಲಿ 13 ಇತ್ತಲ್ಲ!

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ತಕ್ಕಡಿಯ ಡಿಎಲ್‌ಎಲ್ ನಮ್ಮದಲ್ಲ. ಬಹಳ ಹಿಂದೆ ತಕ್ಕಡಿ ಮಾರಿದವರು ಕೊಟ್ಟದ್ದು, ಸೋರ್ಸ್ ಕೋಡ್ ಇಲ್ಲ. ಸೈನ್ ಮಾಡಿದ (ತಯಾರಿಸಿದವರ ಡಿಜಿಟಲ್ ಗುರುತು ಇರುವ) ಅಸೆಂಬ್ಲಿಯಾದರೆ, ಅಂದರೆ ಡಾಟ್‌ನೆಟ್ ಡಿಎಲ್‌ಎಲ್ ಆದರೆ, ಡಾಟ್‌ನೆಟ್ ಫ್ರೇಮ್‌ವರ್ಕ್ ಕೇಳಿದ ವರ್ಷನ್ನೇ ಬೇಕು ಅಂತ ಹಟ ಹಿಡಿಯುತ್ತದೆ. ಆ ಹಟ ಬಿಡಿಸುವುದೇ ಬೈಂಡಿಂಗ್ ರಿಡೈರೆಕ್ಟ್: 0ಯಿಂದ 13ರವರೆಗೆ ಯಾರು ಯಾವುದನ್ನು ಕೇಳಿದರೂ 13 ಕೊಡು ಎಂದು ಕಾನ್ಫಿಗ್ ಫೈಲ್‌ನಲ್ಲಿ ಬರೆಯುವುದು. ವಿಷುಯಲ್ ಸ್ಟುಡಿಯೋ ನಮ್ಮ ಬಿಲ್ಡ್‌ನಲ್ಲಿ ಅದನ್ನು ತಾನೇ ಬರೆದುಕೊಟ್ಟಿತ್ತು. ಆದರೆ ನಮ್ಮ ಇನ್‌ಸ್ಟಾಲರ್ ಗಿರಾಕಿಯ ಹಳೆಯ ಕಾನ್ಫಿಗ್ ಫೈಲನ್ನು ಮುಟ್ಟುತ್ತಿರಲಿಲ್ಲ. ಯಾಕೆಂದರೆ ಪ್ರಿಂಟರ್ ಹೆಸರು, ಕಾಮ್ ಪೋರ್ಟ್ ನಂಬರ್, ಕಂಪನಿ ವಿಳಾಸ ಎಲ್ಲವನ್ನೂ ನಾವು ಅದೇ ಫೈಲ್‌ನಲ್ಲಿ ಇಟ್ಟಿದ್ದೆವು. ಅಳಿಸಿಹೋಗಬಾರದು ಅಂತ "ಇದ್ದರೆ ಬಿಡು" ಎಂದು ಗುರುತು ಹಾಕಿದ್ದೆವು. ಡಿಎಲ್‌ಎಲ್ ಹೊಸದು ಹೋಯಿತು, ದಾರಿ ತೋರಿಸುವ ಫೈಲ್ ಹಳೆಯದೇ ಉಳಿಯಿತು.

ಪ್ರೋಗ್ರಾಂ ತೆರೆಯುವಾಗಲೇ ಯಾಕೆ ಗೊತ್ತಾಗಲಿಲ್ಲ ಅಂದರೆ, ಡಾಟ್‌ನೆಟ್ ಡಿಎಲ್‌ಎಲ್‌ಗಳನ್ನು ಮೊದಲೇ ಎಲ್ಲ ಲೋಡ್ ಮಾಡುವುದಿಲ್ಲ. ಆ ಕೋಡ್ ಮೊದಲ ಸಲ ಓಡಬೇಕಾದಾಗ ಮಾತ್ರ ಹುಡುಕುತ್ತದೆ. ಲಾಗಿನ್ ಆಯಿತು, ಇ-ಇನ್‌ವಾಯ್ಸ್ ಹೋಯಿತು ಅಂತ ನಾನು ಹಿಂದಿನ ಸಂಜೆ ನೆಮ್ಮದಿಯಾಗಿ ಮನೆಗೆ ಹೋಗಿದ್ದೆ. ಇ-ಇನ್‌ವಾಯ್ಸ್ ಭಾಗ ನೇರವಾಗಿ 13 ಕೇಳುತ್ತದೆ. ಹಳೆಯ ರಿಡೈರೆಕ್ಟ್ ಇದ್ದದ್ದು 9ರವರೆಗೆ ಮಾತ್ರ. ಹಾಗಾಗಿ ಅದಕ್ಕೆ ತೊಂದರೆಯೇ ಆಗಲಿಲ್ಲ.

ಕಾನ್ಫಿಗ್‌ನಲ್ಲಿ ಎರಡು ಕಡೆ ತಿದ್ದಿದೆ. ರೇಂಜ್‌ನ ಕೊನೆಯ ಸಂಖ್ಯೆ, ಮತ್ತು ಹೊಸ ವರ್ಷನ್. ಎರಡಕ್ಕೂ 13.0.0.0. ಬಟನ್ ಒತ್ತಿದೆ, ತೂಕ ಬಂತು. ಇ-ಇನ್‌ವಾಯ್ಸೂ ಹೋಯಿತು. ಮೇಡಂ ಕಾಫಿ ತರಿಸಿದರು.

ಈ 13.0.0.0 ಬಗ್ಗೆ ಒಂದು ಮಾತು, ಏಕೆಂದರೆ ತುಂಬ ಜನ ಇಲ್ಲೇ ಎಡವುವುದನ್ನು ನೋಡಿದ್ದೇನೆ. ನಾವು ನ್ಯೂಗೆಟ್‌ನಲ್ಲಿ (ಡಾಟ್‌ನೆಟ್ ಪ್ಯಾಕೇಜ್‌ಗಳನ್ನು ತರುವ ಟೂಲ್) ಹಾಕಿದ್ದು 13.0.3. ಅದು ಪ್ಯಾಕೇಜ್ ವರ್ಷನ್. ಡಿಎಲ್‌ಎಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ನೋಡುವುದು ಫೈಲ್ ವರ್ಷನ್. ಲೋಡ್ ಆಗುವಾಗ ಲೆಕ್ಕಕ್ಕೆ ಬರುವುದು ಮೂರನೆಯದು, ಅಸೆಂಬ್ಲಿ ವರ್ಷನ್. ನ್ಯೂಟನ್‌ಸಾಫ್ಟ್‌ನಲ್ಲಿ ಮೊದಲ ಸಂಖ್ಯೆ ಮಾತ್ರ ಬದಲಾಗುತ್ತದೆ, ಹಾಗಾಗಿ 13.0.1 ಇರಲಿ 13.0.3 ಇರಲಿ ಅಸೆಂಬ್ಲಿ ವರ್ಷನ್ 13.0.0.0. ಎಲ್ಲ ಪ್ಯಾಕೇಜೂ ಹೀಗಿಲ್ಲ. ಸಿಸ್ಟಮ್ ರನ್‌ಟೈಮ್ ಕಂಪೈಲರ್‌ಸರ್ವಿಸಸ್ ಅನ್‌ಸೇಫ್ ಎಂಬ ಉದ್ದ ಹೆಸರಿನ ಪ್ಯಾಕೇಜ್ ಇದೆ. ಅದರ 4.5.3 ಪ್ಯಾಕೇಜ್ ಒಳಗಿನ ಡಿಎಲ್‌ಎಲ್‌ನ ಅಸೆಂಬ್ಲಿ ವರ್ಷನ್ 4.0.4.1. ಎರರ್‌ನಲ್ಲಿ 4.0.4.1 ಅಂತ ಕಂಡು ಆ ನಂಬರಿನ ಪ್ಯಾಕೇಜ್ ಹುಡುಕಿದರೆ ಸಿಗುವುದಿಲ್ಲ. ಅಸೆಂಬ್ಲಿ ವರ್ಷನ್ ನೋಡಲು ನಾನು ಐಎಲ್‌ಸ್ಪೈ ಎಂಬ ಟೂಲ್‌ನಲ್ಲಿ ಡಿಎಲ್‌ಎಲ್ ತೆರೆಯುತ್ತೇನೆ. ಆ ಡಿಎಲ್‌ಎಲ್ ಬೇರೆ ಯಾವ್ಯಾವ ಅಸೆಂಬ್ಲಿಯ ಯಾವ ವರ್ಷನ್ ಕೇಳುತ್ತದೆ ಅನ್ನುವುದೂ ಅಲ್ಲೇ ಕಾಣುತ್ತದೆ.

ಎರಡು ದಿನ ಬಿಟ್ಟು ದಾಸರಹಳ್ಳಿಯ ಇನ್ನೊಬ್ಬ ಗಿರಾಕಿಯ ಹತ್ತಿರ ಬೇರೆ ಎರರ್ ಬಂತು. ನೆಟ್‌ಸ್ಟ್ಯಾಂಡರ್ಡ್ 2.0.0.0 ಸಿಗುತ್ತಿಲ್ಲ ಎಂದು. ವಿಂಡೋಸ್ 7 ಕಂಪ್ಯೂಟರ್. ಅದರಲ್ಲಿ ಇನ್ನೂ 4.5.2 ಇತ್ತು. ಡಾಟ್‌ನೆಟ್ ಸ್ಟ್ಯಾಂಡರ್ಡ್ 2.0ಕ್ಕೆ ಬೇಕಾದ ಫೈಲ್‌ಗಳು ಫ್ರೇಮ್‌ವರ್ಕ್‌ನೊಳಗೇ ಬಂದದ್ದು 4.7.1ರಿಂದ. ನಮ್ಮ ಬಿಲ್ಡ್ 4.8ಕ್ಕೆ ಆದ್ದರಿಂದ ಅವು ಅಲ್ಲಿ ಇದ್ದೇ ಇರುತ್ತವೆ ಎಂದುಕೊಂಡು ಜೊತೆಗೆ ಕಳಿಸಿರಲಿಲ್ಲ. ಸರಿಯಾಗಿ ಆಗಿದ್ದರೆ ಪ್ರೋಗ್ರಾಂ ತೆರೆಯುವಾಗಲೇ "4.8 ಹಾಕಿ" ಎಂದು ವಿಂಡೋಸ್ ಕೇಳಬೇಕಿತ್ತು. ಆ ಮಾಹಿತಿ ಇರುವುದೂ ಅದೇ ಕಾನ್ಫಿಗ್ ಫೈಲ್‌ನಲ್ಲಿ! ಹಳೆಯ ಫೈಲ್ 4.5.2 ಸಾಕು ಎಂದಿತ್ತು.

ವಿಂಡೋಸ್ 7 ಸರ್ವಿಸ್ ಪ್ಯಾಕ್ 1 ಇದ್ದರೆ 4.8 ಹಾಕಬಹುದು. ಹಾಕಿದೆವು, ಸರಿಹೋಯಿತು. 4.x ಫ್ರೇಮ್‌ವರ್ಕ್‌ಗಳು ಒಂದರ ಪಕ್ಕ ಒಂದು ಕೂರುವುದಿಲ್ಲ, ಹಳೆಯದರ ಜಾಗದಲ್ಲೇ ಹೊಸದು ಕೂರುತ್ತದೆ. ಹಾಗಾಗಿ ಬೇರೆ ಪ್ರೋಗ್ರಾಂಗಳನ್ನೂ ಒಮ್ಮೆ ತೆರೆದು ನೋಡಿ ಬಂದೆವು.

ಆಮೇಲೆ ನಾವು ಕೂತು ಮಾಡಿದ ಮೊದಲ ಬದಲಾವಣೆ, ಗಿರಾಕಿಯ ಸೆಟ್ಟಿಂಗ್‌ಗಳನ್ನು ಬೇರೆ ಫೈಲಿಗೆ ಸಾಗಿಸಿದ್ದು. ಪ್ರೋಗ್ರಾಂನ ಕಾನ್ಫಿಗ್ ಈಗ ಪ್ರತಿ ಸಲ ಹೊಸದಾಗಿ ಬೀಳುತ್ತದೆ. ಇನ್‌ಸ್ಟಾಲರ್ ಶುರುವಿನಲ್ಲೇ ರಿಜಿಸ್ಟ್ರಿಯ ರಿಲೀಸ್ ಎಂಬ ಸಂಖ್ಯೆ ನೋಡುತ್ತದೆ. ಅದು 528040 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 4.8 ಇದೆ ಎಂದರ್ಥ, ಇಲ್ಲದಿದ್ದರೆ ಮುಂದೆ ಹೋಗುವುದೇ ಇಲ್ಲ.

ನಂತರ ಪ್ಯಾಕೇಜ್‌ಗಳ ಕಡೆ ತಿರುಗಿದೆವು. ನಮ್ಮ ಸೊಲ್ಯೂಷನ್‌ನಲ್ಲಿ (ಇಡೀ ಪ್ರೋಗ್ರಾಂನ ಕೋಡ್) 11 ಪ್ರಾಜೆಕ್ಟ್‌ಗಳು, ಪ್ರತಿಯೊಂದಕ್ಕೂ ಬೇಕಾದ ಪ್ಯಾಕೇಜ್‌ಗಳ ಪಟ್ಟಿಯಾಗಿ ಅದರದೇ ಪ್ಯಾಕೇಜಸ್ ಕಾನ್ಫಿಗ್ ಫೈಲ್. ಒಂದೇ ಪ್ಯಾಕೇಜಿನ ಮೂರು ವರ್ಷನ್ ಇದ್ದವು. ಎಲ್ಲವನ್ನೂ ಪ್ಯಾಕೇಜ್ ರೆಫರೆನ್ಸ್ ಎಂಬ ಹೊಸ ರೀತಿಗೆ ಬದಲಿಸಿದೆವು. ಈ ರೀತಿಯಲ್ಲಿ ನ್ಯೂಗೆಟ್ ಎರಡು ನಿಯಮ ಪಾಲಿಸುತ್ತದೆ. ಬೇರೆ ಪ್ಯಾಕೇಜ್ ಮೂಲಕ ಬರುವುದಾದರೆ, ಕೇಳಿದ ಷರತ್ತಿಗೆ ಸಾಲುವ ಅತಿ ಕಡಿಮೆ ವರ್ಷನ್ ತರುತ್ತದೆ, ಅತಿ ಹೊಸದನ್ನಲ್ಲ. ನಮ್ಮ ಪ್ರಾಜೆಕ್ಟ್ ನೇರವಾಗಿ ಹೆಸರಿಸಿದ್ದರೆ ನಮ್ಮ ಮಾತೇ ನಡೆಯುತ್ತದೆ. ನಾವು ಕಡಿಮೆ ವರ್ಷನ್ ಹೆಸರಿಸಿದರೂ ಅಷ್ಟೇ. ಆಗ ಎನ್‌ಯು1605 ಎಂಬ ಎಚ್ಚರಿಕೆ ಬರುತ್ತದೆ. ದಯವಿಟ್ಟು ಅದನ್ನು ಮುಚ್ಚಿಹಾಕಬೇಡಿ. ಈಗ ನಮ್ಮ ವರ್ಷನ್ ಸಂಖ್ಯೆಗಳೆಲ್ಲ ಡೈರೆಕ್ಟರಿ ಪ್ಯಾಕೇಜಸ್ ಪ್ರಾಪ್ಸ್ ಎಂಬ ಒಂದೇ ಫೈಲ್‌ನಲ್ಲಿವೆ.

ಬಿಲ್ಡ್ ಆಗುವಾಗ ಎಂಎಸ್‌ಬಿ3277 ಅಂತ ಇನ್ನೊಂದು ಎಚ್ಚರಿಕೆ ಬರುತ್ತದೆ. ಒಂದೇ ಅಸೆಂಬ್ಲಿಯ ಬೇರೆ ಬೇರೆ ವರ್ಷನ್ ನಡುವೆ ಜಗಳವಿದೆ, ನನ್ನಿಂದ ಬಿಡಿಸಲು ಆಗಲಿಲ್ಲ ಎಂದು ಅದು ಹೇಳುತ್ತದೆ. ನಮ್ಮ ಹಳೆಯ ಬಿಲ್ಡ್‌ನಲ್ಲಿ ಎಚ್ಚರಿಕೆಗಳು ನೂರಾರು ಇದ್ದವು, ಇದೂ ಅದರಲ್ಲೇ ಮುಳುಗಿತ್ತು. ಈಗ ಇದನ್ನು ಎರರ್ ಎಂದೇ ಪರಿಗಣಿಸುವಂತೆ ಮಾಡಿದ್ದೇವೆ. ಬಂದರೆ ಬಿಲ್ಡೇ ಆಗುವುದಿಲ್ಲ.

ಕೊನೆಗೆ ಒಂದು ಚಿಕ್ಕ ಟೂಲ್ ಬರೆದೆ. ಇನ್‌ಸ್ಟಾಲ್ ಆದ ಫೋಲ್ಡರ್‌ನ ಪ್ರತಿ ಡಿಎಲ್‌ಎಲ್ ತೆರೆದು, ಅದು ಕೇಳುವ ವರ್ಷನ್, ಕಾನ್ಫಿಗ್ ಹೇಳುವ ವರ್ಷನ್, ನಿಜವಾಗಿ ಅಲ್ಲಿರುವ ವರ್ಷನ್ ಮೂರನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತದೆ. ಹೊಂದದಿದ್ದರೆ ಕೆಂಪು. ನೂರೈವತ್ತು ಸಾಲಿನ ಕೋಡ್ ಅಷ್ಟೇ, ಆದರೆ ಆ ವರ್ಷ ನಾನು ಬರೆದದ್ದರಲ್ಲಿ ನನಗೆ ತುಂಬ ಇಷ್ಟವಾದದ್ದು. ಇನ್‌ಸ್ಟಾಲ್ ಮುಗಿದ ತಕ್ಷಣ ಗಿರಾಕಿಯ ಕಂಪ್ಯೂಟರ್‌ನಲ್ಲೇ ಓಡಿಸುತ್ತೇವೆ. ನಮ್ಮ ಆಫೀಸಿನಲ್ಲಿ ಓಡಿಸಿದರೆ ಸಾಲದು.

ಒಂದೇ ಸಲ ಹೊಸ ತಲೆಮಾರಿನ ಡಾಟ್‌ನೆಟ್ 8ಕ್ಕೆ ಯಾಕೆ ಹೋಗಬಾರದು ಎಂದು ಕೇಳುವವರಿದ್ದಾರೆ. ಹೋಗಬೇಕು. ಆದರೆ ನಾವು ಬಳಸುವ ರಿಪೋರ್ಟ್ ಕಾಂಪೊನೆಂಟ್ ಹಳೆಯ ಫ್ರೇಮ್‌ವರ್ಕ್‌ನಲ್ಲಿ ಮಾತ್ರ ಓಡುತ್ತದೆ, ತಕ್ಕಡಿಯ ಡಿಎಲ್‌ಎಲ್ 32 ಬಿಟ್. ಅದಕ್ಕಾಗಿಯೇ ನಮ್ಮ ಪ್ರೋಗ್ರಾಂ ಈಗಲೂ ಎಕ್ಸ್86ಗೆ, ಅಂದರೆ 32 ಬಿಟ್‌ಗೆ, ಬಿಲ್ಡ್ ಆಗುತ್ತದೆ. ಹಾಗಾಗಿ ತಕ್ಕಡಿಯಿಂದ ಶುರು ಮಾಡಿದ್ದೇವೆ. ಸೀರಿಯಲ್ ಕೇಬಲ್‌ನಲ್ಲಿ ಬರುವ ಅಕ್ಷರಗಳನ್ನು ನಾವೇ ಓದುವ ಕೋಡ್ ಬರೆಯುತ್ತಿದ್ದೇವೆ. ಪೀಣ್ಯದ ಅದೇ ಕಾರ್ಖಾನೆಯವರು ಭಾನುವಾರಗಳಲ್ಲಿ ಅವರ ತಕ್ಕಡಿ ಬಿಟ್ಟುಕೊಡುತ್ತಾರೆ. ಹೋದ ಭಾನುವಾರ ಒಂದು ಕಬ್ಬಿಣದ ಪಟ್ಟಿ ಇಟ್ಟು ನೋಡಿದೆವು. ಹಳೆಯ ಡಿಎಲ್‌ಎಲ್ ತೋರಿಸಿದ ತೂಕವನ್ನೇ ನಮ್ಮದೂ ತೋರಿಸಿತು. ಪಟ್ಟಿ ತೆಗೆದ ಮೇಲೆ ಸೊನ್ನೆಗೆ ಬರಲು ಮಾತ್ರ ನಮ್ಮದು ಒಂದು ಕ್ಷಣ ತಡ ಮಾಡುತ್ತಿದೆ. ಈ ವಾರ ಅದನ್ನು ನೋಡಬೇಕು.