ಸ್ಕ್ಯಾನ್ ನಾರ್ಮಲ್, ತಲೆನೋವು ಮಾತ್ರ ಬಿಟ್ಟಿಲ್ಲ: ಆಟದಲ್ಲಿ ತಲೆಗೆ ಪೆಟ್ಟಾದಾಗ ಯಾವ ವೈದ್ಯರನ್ನು, ಹೇಗೆ ಕಾಣಬೇಕು?

ಕೊಪ್ಪಳ ಜಿಲ್ಲೆಯ ನಮ್ಮೂರ ಜಾತ್ರೆಯ ಕಬಡ್ಡಿ ಪಂದ್ಯದಲ್ಲಿ ರೈಡ್‌ಗೆ ಹೋಗಿದ್ದ ನಮ್ಮ ಅಣ್ಣನ ಮಗ, ಎದುರಾಳಿಗಳಿಬ್ಬರು ಕಾಲು ಹಿಡಿದೆಳೆದಾಗ, ಮೂರನೆಯವನ ಮೊಣಕಾಲಿಗೆ ತಲೆ ಬಡಿದು ಬಿದ್ದ. ಯಾರೋ ಮುಖಕ್ಕೆ ನೀರು ಗೊಜ್ಜಿದರು, ಇನ್ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಎರಡು ನಿಮಿಷದಲ್ಲಿ ಎದ್ದು ನಿಂತು, "ಏನೂ ಆಗಿಲ್ಲ ಬಿಡ್ರೀ ಸರ್, ಆಡ್ತೀನಿ" ಎಂದ. ಆಡಿದ, ಒಂದು ಪಾಯಿಂಟನ್ನೂ ತಂದ. ರಾತ್ರಿ ಊಟಕ್ಕೆ ಕುಳಿತಾಗ, "ಕಾಕಾ, ನಾವು ಗೆದ್ವೋ ಸೋತ್ವೋ?" ಎಂದು ಕೇಳಿದ, ಹೇಳಿದೆ. ರೊಟ್ಟಿ ಮುಗಿಯುವುದರೊಳಗೆ ಅದನ್ನೇ ಮತ್ತೊಮ್ಮೆ ಕೇಳಿದ. ಮರುದಿನ ಪೇಟೆಯ ಆಸ್ಪತ್ರೆಯೊಂದರಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು, ವರದಿ ನಾರ್ಮಲ್ ಎಂದು ಬಂತು, ನೋವಿನ ಗುಳಿಗೆ ಬರೆದುಕೊಟ್ಟು ಮನೆಗೆ ಕಳುಹಿಸಿದರು. ಹುಡುಗನಿಗೆ ಮೂರು ವಾರ ತಲೆನೋವು ಬಿಡಲಿಲ್ಲ. ಪುಸ್ತಕ ತೆರೆದರೆ ಅಕ್ಷರಗಳು ಓಡಾಡುತ್ತವೆ ಎನ್ನುತ್ತಿದ್ದ.

ಅಂದು ನಮಗೆ ಗೊತ್ತಿರದಿದ್ದ ಸಂಗತಿಯೊಂದೇ. ಸಿ.ಟಿ. ಸ್ಕ್ಯಾನ್ ಹುಡುಕುವುದು ತಲೆಬುರುಡೆಯ ಬಿರುಕನ್ನು ಮತ್ತು ಒಳಗಿನ ರಕ್ತಸ್ರಾವವನ್ನು. ಕನ್ಕಷನ್ ಎನ್ನುವ ಪೆಟ್ಟಿನಲ್ಲಿ ಇವೆರಡೂ ಇರುವುದಿಲ್ಲ; ತಲೆ ರಭಸದಿಂದ ಅಲುಗಾಡಿ, ಮಿದುಳಿನ ಕೋಶಗಳ ಕೆಲಸ ಕೆಲವು ದಿನ ಅಥವಾ ವಾರಗಳ ಮಟ್ಟಿಗೆ ಏರುಪೇರಾಗಿರುತ್ತದೆ, ಅದು ಚಿತ್ರದಲ್ಲಿ ಕಾಣುವುದಿಲ್ಲ. ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಷನ್ ಎಂಬ ನಂಬಿಕೆಯೂ ತಪ್ಪು, ಏಕೆಂದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಹಾಗಾಗಿ "ಸ್ಕ್ಯಾನ್ ನಾರ್ಮಲ್" ಎಂಬ ಮಾತಿನಿಂದ ತಜ್ಞರ ಅಗತ್ಯ ಮುಗಿಯುವುದಿಲ್ಲ. ಎಷ್ಟೋ ಸಲ ಅದು ಶುರುವಾಗುವುದೇ ಅಲ್ಲಿಂದ.

ಮೊದಲ ಹೆಜ್ಜೆ ಮೈದಾನದಲ್ಲೇ ಇದೆ. ತಲೆಗೆ, ಮುಖಕ್ಕೆ ಅಥವಾ ಕುತ್ತಿಗೆಗೆ ಪೆಟ್ಟಾದ ಮೇಲೆ ಆಟಗಾರ ತಬ್ಬಿಬ್ಬಾದಂತೆ ಕಂಡರೆ, ತೂರಾಡಿದರೆ, ತಲೆನೋವು ಅಥವಾ ಮಂಪರು ಎಂದರೆ, ಆ ದಿನ ಅವನು ಮತ್ತೆ ಆಡಕೂಡದು. ಅನುಮಾನವಿದ್ದರೂ ಆಡಕೂಡದು. ಅಂತರರಾಷ್ಟ್ರೀಯ ಕ್ರಿಕೆಟ್ 2019ರ ಆಗಸ್ಟ್‌ನಿಂದ ಕನ್ಕಷನ್ ಆದವರ ಬದಲಿಗೆ ಇನ್ನೊಬ್ಬರನ್ನು ಇಳಿಸಲು ಅವಕಾಶ ಕೊಟ್ಟಿದೆ. 2020ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದಲ್ಲಿ ರವೀಂದ್ರ ಜಡೇಜ ಅವರ ಹೆಲ್ಮೆಟ್‌ಗೆ ಚೆಂಡು ಬಡಿದಾಗ ಅವರ ಬದಲಿಗೆ ಬಂದ ಯುಜುವೇಂದ್ರ ಚಹಲ್ ಮೂರು ವಿಕೆಟ್ ಪಡೆದು ಪಂದ್ಯಶ್ರೇಷ್ಠರಾದದ್ದು ಹಲವರಿಗೆ ನೆನಪಿರಬಹುದು. ನಮ್ಮ ಜಾತ್ರೆಯ ಪಂದ್ಯಗಳಿಗೆ ಅಂಥ ನಿಯಮವಿಲ್ಲ. ಆಟಗಾರನನ್ನು ಹೊರಗೆ ಕೂರಿಸುವ ಗಟ್ಟಿತನ ತರಬೇತುದಾರರಿಗೋ ಮನೆಯವರಿಗೋ ಇರಬೇಕಾಗುತ್ತದೆ. ಮೊದಲ ಪೆಟ್ಟು ಮಾಯುವ ಮುನ್ನವೇ ಎರಡನೆಯದು ಬಿದ್ದರೆ ಚೇತರಿಕೆ ಬಹಳ ತಡವಾಗುತ್ತದೆ. ಅಪರೂಪಕ್ಕೆ, ಅದೂ ಹೆಚ್ಚಾಗಿ ಎಳೆಯ ವಯಸ್ಸಿನವರಲ್ಲಿ, ಮಿದುಳು ಊದಿಕೊಂಡು ಪ್ರಾಣಕ್ಕೇ ಕುತ್ತಾಗುವುದೂ ಉಂಟು.

ಬೇಸಿಗೆಯಲ್ಲಿ ಇನ್ನೊಂದು ತೊಡಕಿದೆ. ರಾಯಚೂರು, ಬಳ್ಳಾರಿಗಳಲ್ಲಿ ಏಪ್ರಿಲ್-ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿದಾಗ ತಲೆಸುತ್ತು, ವಾಂತಿ, ಸುಸ್ತು ಎಲ್ಲವನ್ನೂ ಬಿಸಿಲಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಮಜ್ಜಿಗೆ ಕುಡಿಸಿ ನೆರಳಿನಲ್ಲಿ ಮಲಗಿಸುವುದು ತಪ್ಪಲ್ಲ, ಆದರೆ ತಲೆಗೆ ಪೆಟ್ಟು ಬಿದ್ದಿದ್ದರೆ ಬಿಸಿಲನ್ನು ದೂರುವುದು ಕೊನೆಗಿರಲಿ.

ಕಾಯದೆ 108ಕ್ಕೆ ಕರೆ ಮಾಡಬೇಕಾದ ಲಕ್ಷಣಗಳು ಬೇರೆಯೇ ಇವೆ: ಪ್ರಜ್ಞೆ ತಪ್ಪುವುದು ಅಥವಾ ಗಳಿಗೆಗಳಿಗೆಗೂ ಮಂಕಾಗುತ್ತ ಹೋಗುವುದು, ಫಿಟ್ಸ್, ಮರುಮರಳಿ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಒಂದು ಎರಡಾಗಿ ಕಾಣುವುದು, ಕೈಕಾಲಿನಲ್ಲಿ ಶಕ್ತಿ ಕುಂದುವುದು ಅಥವಾ ಜೋಮು, ಕುತ್ತಿಗೆ ನೋವು, ಕಿವಿ-ಮೂಗಿನಿಂದ ರಕ್ತ ಅಥವಾ ನೀರಿನಂಥ ದ್ರವ, ಕಾರಣವಿಲ್ಲದ ಚಡಪಡಿಕೆ. ಕುತ್ತಿಗೆ ನೋವೆನ್ನುವವನನ್ನು ಎತ್ತಿ ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವ ರೂಢಿ ನಮ್ಮಲ್ಲಿದೆ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಇಂಥ ಸಾಗಣೆಯಿಂದಲೇ ಕೈಕಾಲು ಹೋಗಬಹುದು. ಆಂಬುಲೆನ್ಸ್ ಬರುವವರೆಗೆ ಅವನನ್ನು ಇದ್ದಲ್ಲೇ, ಅಲುಗಾಡಿಸದೆ ಬಿಡಬೇಕು. ಇಂಥ ಲಕ್ಷಣವೇನೂ ಇಲ್ಲದಿದ್ದರೂ ಮೊದಲ ಮೂರು ಗಂಟೆ ಒಬ್ಬನನ್ನೇ ಬಿಡಬಾರದು, ಗಾಡಿ ಓಡಿಸಲು ಕೊಡಬಾರದು. ತಲೆಬುರುಡೆಯ ಕೆಳಗೆ ನಿಧಾನವಾಗಿ ರಕ್ತ ತುಂಬಿಕೊಳ್ಳುತ್ತಿರುವಾಗ ಮಾತಾಡುತ್ತ ನಡೆದಾಡುತ್ತಿದ್ದವರು ಕೆಲವು ಗಂಟೆಗಳ ಮೇಲೆ ಕುಸಿದದ್ದುಂಟು.

ಎರಡನೆಯ ಹೆಜ್ಜೆಗೆ ಪೆನ್ನು ಸಾಕು, ಆದರೆ ಬಹುತೇಕ ಯಾರೂ ಇಡದ ಹೆಜ್ಜೆ ಇದೇ. ವಾರ ಕಳೆದು ತಜ್ಞರ ಮುಂದೆ ಕುಳಿತಾಗ ಅವರು ಮೊದಲು ಕೇಳುವುದು ಪೆಟ್ಟಿನ ಮೊದಲ ಅರ್ಧ ಗಂಟೆಯ ಬಗ್ಗೆ. ಪೆಟ್ಟು ತಿಂದವನಿಗೆ ನೆನಪಿರದೇ ಇರುವುದೂ ಆ ಅರ್ಧ ಗಂಟೆಯೇ. ಆದ್ದರಿಂದ ನೋಡಿದವರು ಅಂದೇ ಬರೆದಿಡಬೇಕು: ಎಷ್ಟು ಗಂಟೆಗೆ, ತಲೆಯ ಯಾವ ಭಾಗಕ್ಕೆ, ಯಾವುದು ಬಡಿಯಿತು, ಪ್ರಜ್ಞೆ ತಪ್ಪಿದ್ದರೆ ಅಂದಾಜು ಎಷ್ಟು ಹೊತ್ತು, ಎದ್ದ ಮೇಲೆ ಆಡಿದ ಮೊದಲ ಮಾತೇನು, ಎಷ್ಟು ಸಲ ವಾಂತಿ, ಯಾವ ಗುಳಿಗೆ ಕೊಟ್ಟಿರಿ. ಕೇಳಿದ್ದನ್ನೇ ಎಷ್ಟು ಸಲ ಕೇಳಿದ ಎಂಬುದನ್ನೂ ಬರೆಯಿರಿ. ಈಗ ಊರ ಪಂದ್ಯಗಳನ್ನೂ ಯಾರಾದರೊಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿರುತ್ತಾರೆ. ಬಿದ್ದ ಕ್ಷಣದ ಆ ತುಣುಕು ಸಿಕ್ಕರೆ ಉಳಿಸಿಕೊಳ್ಳಿ, ವೈದ್ಯರಿಗೆ ನಿಮ್ಮ ಹತ್ತು ವಾಕ್ಯಗಳಿಗಿಂತ ಅದು ಹೆಚ್ಚು ಹೇಳುತ್ತದೆ. ನಮ್ಮ ಹುಡುಗನ ಪಂದ್ಯದ ತುಣುಕು ಸಿಕ್ಕಿದ್ದು ಪಕ್ಕದ ಊರಿನ ಹುಡುಗನೊಬ್ಬನ ಫೋನಿನಲ್ಲಿ. ಬಿದ್ದ ಮೇಲೆ ಅವನ ಬಲಗೈ ಕೆಲವು ಸೆಕೆಂಡು ಗಾಳಿಯಲ್ಲಿ ಬಿಗಿಯಾಗಿ ನಿಂತದ್ದು ಅದರಲ್ಲಿ ಕಂಡಿತು. ಸುತ್ತ ನಿಂತಿದ್ದ ನಾವ್ಯಾರೂ ಅದನ್ನು ಗಮನಿಸಿರಲಿಲ್ಲ.

ಪೆಟ್ಟು ಬಿದ್ದ ಒಡನೆ ಮೈದಾನದಲ್ಲಿ ಕೇಳಬಹುದಾದ ಕೆಲವು ಪ್ರಶ್ನೆಗಳೂ ಇವೆ. ಹೆಸರು, ಊರು ಕೇಳಿ ಪ್ರಯೋಜನವಿಲ್ಲ, ಅವು ಸುಲಭಕ್ಕೆ ಮರೆಯುವಂಥವಲ್ಲ. ನಾವೀಗ ಯಾವ ಮೈದಾನದಲ್ಲಿದ್ದೇವೆ, ಇದು ಮೊದಲಾರ್ಧವೋ ಎರಡನೆಯದೋ, ಕೊನೆಯ ಪಾಯಿಂಟ್ ತಂದವರು ಯಾರು, ಹಿಂದಿನ ಪಂದ್ಯ ಯಾರ ಮೇಲೆ ಆಡಿದ್ದು, ಗೆದ್ದೆವೋ ಇಲ್ಲವೋ ಎಂದು ಕೇಳಬೇಕು. ಒಂದು ಉತ್ತರ ತಪ್ಪಿದರೂ ಹುಡುಗ ಹೊರಗೆ ಬರಬೇಕು. ಎಲ್ಲಕ್ಕೂ ಸರಿಯಾಗಿ ಉತ್ತರಿಸಿದನೆಂದ ಮಾತ್ರಕ್ಕೆ ಪೆಟ್ಟಾಗಿಲ್ಲ ಎಂದು ತಿಳಿಯುವಂತಿಲ್ಲ.

ಮೂರನೆಯದು, ಯಾವ ಬಾಗಿಲಿಗೆ ಹೋಗುವುದು ಎಂಬ ಪ್ರಶ್ನೆ. ಅದೇ ದಿನವಾದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ, ಇನ್ನೆಲ್ಲಿಗೂ ಅಲ್ಲ. ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರದ ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್, ಈ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ಅಲ್ಲಿನ ವೈದ್ಯರು ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಈ ಮೂರನ್ನು ಅಳೆದು 3ರಿಂದ 15ರವರೆಗೆ ಅಂಕ ಕೊಡುತ್ತಾರೆ. ಗ್ಲಾಸ್ಗೊ ಕೋಮಾ ಸ್ಕೇಲ್ ಎಂಬ ಈ ಅಳತೆ 1974ರಿಂದ ಬಳಕೆಯಲ್ಲಿದೆ. ಪೆಟ್ಟಾಗಿ ಎರಡು ಗಂಟೆಯಾದರೂ ಅಂಕ 15 ಮುಟ್ಟದಿದ್ದರೆ, ಎರಡು ಅಥವಾ ಹೆಚ್ಚು ಸಲ ವಾಂತಿಯಾಗಿದ್ದರೆ, ಬುರುಡೆ ಮುರಿದ ಗುರುತಿದ್ದರೆ, ವಯಸ್ಸು 65 ದಾಟಿದ್ದರೆ ಅಥವಾ ರಕ್ತ ತೆಳುವಾಗಿಸುವ ಔಷಧಿ ನಡೆಯುತ್ತಿದ್ದರೆ ಸ್ಕ್ಯಾನ್ ಬೇಕೇ ಬೇಕು. ಇದ್ಯಾವುದೂ ಇಲ್ಲದ ಮಗುವಿಗೆ ವೈದ್ಯರು ಸ್ಕ್ಯಾನ್ ಬೇಡ ಎಂದರೆ ಜಗಳಕ್ಕೆ ನಿಲ್ಲಬೇಡಿ. ವಿಕಿರಣವನ್ನು ಸುಮ್ಮನೆ ಹಾಯಿಸುವುದು ಬೇಡವೆಂಬುದೇ ಅದರ ಕಾರಣ. ಅವರು ನೋಡಿ ಮನೆಗೆ ಕಳುಹಿಸಿದ ಮೇಲೆ ಹುಡುಗ ಮಲಗಬಹುದು. ತಲೆಗೆ ಪೆಟ್ಟಾದವರನ್ನು ನಿದ್ದೆ ಮಾಡಲು ಬಿಡಬಾರದೆಂದು ಅಜ್ಜಿಯರು ರಾತ್ರಿಯಿಡೀ ತಟ್ಟಿ ಎಬ್ಬಿಸುತ್ತಿದ್ದರು, ಅದರ ಅಗತ್ಯವಿಲ್ಲ. ಪಕ್ಕದಲ್ಲಿ ಒಬ್ಬರು ಇದ್ದರಾಯಿತು. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್ ಮತ್ತು ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದಾದ್ದರಿಂದ ಮೊದಲ ಎರಡು ದಿನ ಬೇಡ. ನಿದ್ದೆಗುಳಿಗೆ, ಮದ್ಯ ಎರಡೂ ದೂರವಿರಲಿ.

ಅಪಾಯವಿಲ್ಲ ಎಂದು ಗೊತ್ತಾದ ಮೇಲೆ ಬರುವುದು ತಜ್ಞರ ಸರದಿ. ಇಲ್ಲಿ ನಮ್ಮ ಜನ ಎಡವುವುದು ಎರಡು ಬಗೆಯ ವೈದ್ಯರನ್ನು ಒಂದೇ ಎಂದುಕೊಂಡು. ಎಂ.ಸಿಎಚ್. ಪದವಿಯ ನ್ಯೂರೋಸರ್ಜನ್ ಶಸ್ತ್ರಚಿಕಿತ್ಸೆ ಮಾಡುವವರು; ರಕ್ತ ಹೆಪ್ಪುಗಟ್ಟಿದ್ದರೆ, ಬುರುಡೆ ಒಳಗೆ ತಗ್ಗಿದ್ದರೆ ಅವರೇ ಬೇಕು. ಡಿ.ಎಂ. ಪದವಿಯ ನ್ಯೂರಾಲಜಿಸ್ಟ್ ಅಂದರೆ ನರರೋಗ ತಜ್ಞರು. ಬಿಡದ ತಲೆನೋವು, ತಲೆಸುತ್ತು, ನಿದ್ದೆಯ ಏರುಪೇರು, ಮರೆವು ಇವು ಅವರ ಕ್ಷೇತ್ರ. ಕನ್ಕಷನ್ ಆದ ಬಹುಪಾಲು ಆಟಗಾರರು ಕಾಣಬೇಕಾದದ್ದು ಈ ಎರಡನೆಯವರನ್ನು. ಕ್ರೀಡಾ ವೈದ್ಯಶಾಸ್ತ್ರದಲ್ಲೇ ಸ್ನಾತಕೋತ್ತರ ಪದವಿ ಪಡೆದವರು ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಅಂಥವರು ಹೆಚ್ಚಾಗಿ ದೊಡ್ಡ ನಗರಗಳಲ್ಲಿ ಮತ್ತು ಕ್ರೀಡಾ ಸಂಸ್ಥೆಗಳಲ್ಲಿರುತ್ತಾರೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೊ ಪಟುಗಳಿಗಾಗಿ ಕ್ರೀಡಾ ವಿಜ್ಞಾನದ ವಿಭಾಗವಿದೆ. ಅಲ್ಲಿ ತರಬೇತಿಯಲ್ಲಿರುವ ಮಕ್ಕಳಿಗೆ ಅದೇ ಮೊದಲ ಆಸರೆ. ಹಳ್ಳಿಯ ಗರಡಿಮನೆಯ ಹುಡುಗನಿಗೆ ಜಿಲ್ಲಾ ಕೇಂದ್ರದ ನರರೋಗ ತಜ್ಞರೇ ಗತಿ. ಆಸ್ಪತ್ರೆಗೆ ಹೊರಡುವ ಮುನ್ನ ನರರೋಗದ ಹೊರರೋಗಿ ವಿಭಾಗ ಯಾವ ವಾರ ನಡೆಯುತ್ತದೆ ಎಂದು ಫೋನಿನಲ್ಲಿ ಕೇಳಿಕೊಳ್ಳಿ. ಬಸ್ ಹಿಡಿದು ಹೋಗಿ, ಚೀಟಿ ಮಾಡಿಸಿ, "ಅವರು ಗುರುವಾರ ಬರ್ತಾರ" ಎಂಬ ಮಾತು ಕೇಳಿಸಿಕೊಂಡು ವಾಪಸಾದವರ ಪೈಕಿ ನಾನೂ ಒಬ್ಬ.

ತಜ್ಞರ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಅನುಕೂಲ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರ ಸಮ್ಮೇಳನದ ನಂತರ, 2023ರಲ್ಲಿ, ಪರೀಕ್ಷೆಯ ಪರಿಷ್ಕೃತ ನಮೂನೆಗಳು ಪ್ರಕಟವಾದವು. ಪೆಟ್ಟಾದ ಮೊದಲ ಮೂರು ದಿನಗಳಲ್ಲಿ ಹೆಚ್ಚು ಉಪಯುಕ್ತವಾದ ಸ್ಕ್ಯಾಟ್-6, ನಂತರದ ವಾರಗಳಿಗೆ ಸ್ಕೋಟ್-6, 8ರಿಂದ 12 ವರ್ಷದವರಿಗೆ ಬೇರೆ ನಮೂನೆ, ವೈದ್ಯರಲ್ಲದವರಿಗೂ ಮೈದಾನದಲ್ಲಿ ಬಳಸಲು ಬರುವ ಒಂದು ಗುರುತಿನ ಕಾರ್ಡು, ಹೀಗೆ. ಸ್ಕ್ಯಾಟ್-6ರಲ್ಲಿ 22 ಲಕ್ಷಣಗಳಿಗೆ ಒಂದೊಂದಕ್ಕೂ ಸೊನ್ನೆಯಿಂದ 6ರವರೆಗೆ ಅಂಕವಿದೆ. ಹತ್ತು ಪದಗಳನ್ನು ಓದಿ ಹೇಳಿ ಒಪ್ಪಿಸಲು ಹೇಳುತ್ತಾರೆ, ಕೆಲವು ನಿಮಿಷ ಬೇರೆ ಕೆಲಸ ಮಾಡಿಸಿ ಅವನ್ನೇ ಮತ್ತೆ ಕೇಳುತ್ತಾರೆ. ಅಂಕಿಗಳನ್ನು, ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿಸುತ್ತಾರೆ. ಕನ್ನಡ ಮಾಧ್ಯಮದ ಹುಡುಗನನ್ನು ಇಂಗ್ಲಿಷಿನಲ್ಲಿ ಡಿಸೆಂಬರ್‌ನಿಂದ ಹಿಂದಕ್ಕೆ ಹೇಳು ಎಂದರೆ ಅವನು ತಡವರಿಸುವುದು ಮಿದುಳಿನ ಪೆಟ್ಟಿನಿಂದಲೋ ಭಾಷೆಯಿಂದಲೋ ತಿಳಿಯುವುದಿಲ್ಲ; ಅವನಿಗೆ ರೂಢಿಯಿರುವ ಭಾಷೆಯಲ್ಲೇ ಕೇಳಿ ಎಂದು ಹೇಳಲು ಹಿಂಜರಿಯಬೇಡಿ. ಬಳಿಕ ಬರಿಗಾಲಲ್ಲಿ, ಸೊಂಟದ ಮೇಲೆ ಕೈಯಿಟ್ಟು, ಕಣ್ಣುಮುಚ್ಚಿ, ಎರಡು ಕಾಲು ಕೂಡಿಸಿ, ಒಂಟಿಕಾಲಲ್ಲಿ, ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ, ತಲಾ 20 ಸೆಕೆಂಡು ನಿಲ್ಲಿಸಿ ಎಷ್ಟು ಸಲ ಓಲಾಡಿದ ಎಂದು ಎಣಿಸುತ್ತಾರೆ. ನಮ್ಮ ಹುಡುಗನ ಗುಟ್ಟು ರಟ್ಟಾದದ್ದು ಕಣ್ಣಿನ ಪರೀಕ್ಷೆಯಲ್ಲಿ. ವೈದ್ಯರು ಪೆನ್ನಿನ ತುದಿಯನ್ನು ಅವನ ಮೂಗಿನತ್ತ ಮೆಲ್ಲಗೆ ತಂದರು; ಸಾಕಷ್ಟು ದೂರವಿರುವಾಗಲೇ "ಎರಡು ಕಾಣಾಕತ್ತಾವ್ರೀ" ಎಂದ. ಎರಡು ಕಣ್ಣುಗಳನ್ನು ಒಟ್ಟಿಗೆ ಒಳಕ್ಕೆ ಹೊರಳಿಸುವ ಹಿಡಿತ ಸಡಿಲಾಗಿತ್ತು. ಅಕ್ಷರಗಳು ಓಡಾಡುತ್ತಿದ್ದದ್ದು ಓದಿನ ಸೋಮಾರಿತನದಿಂದಲ್ಲ ಎಂದು ಅವನ ಅಪ್ಪನಿಗೆ ಅಂದೇ ಮನವರಿಕೆಯಾದದ್ದು.

ಇನ್ನು ಚಿಕಿತ್ಸೆ. ಕನ್ಕಷನ್ನನ್ನು ವಾಸಿಮಾಡುವ ಗುಳಿಗೆಯಿಲ್ಲ. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಪದ್ಧತಿಯನ್ನೂ ವೈದ್ಯರು ಬಿಟ್ಟಿದ್ದಾರೆ. ಮೊದಲ 24ರಿಂದ 48 ಗಂಟೆ ಹಗುರ ವಿಶ್ರಾಂತಿ, ಮೊಬೈಲ್-ಟಿ.ವಿ. ಕಡಿಮೆ, ಆದರೆ ಮನೆಯಲ್ಲಿ ಓಡಾಡಬಹುದು. ನಂತರ ನಡಿಗೆಯಿಂದ ಶುರುಮಾಡಿ ಆರು ಮೆಟ್ಟಿಲು: ದಿನನಿತ್ಯದ ಕೆಲಸ, ಹಗುರದಿಂದ ಮಧ್ಯಮ ಮಟ್ಟದ ವ್ಯಾಯಾಮ, ಒಬ್ಬನೇ ಮಾಡುವ ಆಟದ ಅಭ್ಯಾಸ, ಮೈಗೆ ಮೈ ತಾಗದ ತರಬೇತಿ, ಪೂರ್ಣ ತರಬೇತಿ, ಪಂದ್ಯ. ಒಂದೊಂದು ಮೆಟ್ಟಿಲಿಗೆ ಕನಿಷ್ಠ 24 ಗಂಟೆ ಬೇಕು, ನಾಲ್ಕನೆಯದನ್ನು ಏರುವ ಮುನ್ನ ವೈದ್ಯರ ಲಿಖಿತ ಒಪ್ಪಿಗೆಯೂ ಬೇಕು. ವ್ಯಾಯಾಮದ ವೇಳೆ ತಲೆನೋವು ಹತ್ತರ ಅಳತೆಯಲ್ಲಿ ಎರಡಕ್ಕಿಂತ ಹೆಚ್ಚು ಏರಿದರೆ ಅಂದಿಗೆ ನಿಲ್ಲಿಸಿ ಮರುದಿನ ಮತ್ತೆ ಪ್ರಯತ್ನಿಸುವುದು. ವಿದ್ಯಾರ್ಥಿಯಾದರೆ ಆಟಕ್ಕೆ ಪೂರ್ತಿ ಮರಳುವ ಮುನ್ನ ತರಗತಿಗೆ ಪೂರ್ತಿ ಮರಳಿರಬೇಕು. ಮೊದಮೊದಲು ಅರ್ಧ ದಿನ, ನಡುವೆ ಬಿಡುವು, ಕಿರುಪರೀಕ್ಷೆ ಮುಂದೂಡಿಕೆ ಎಂದು ವೈದ್ಯರಿಂದ ಬರೆಸಿಕೊಂಡು ಮುಖ್ಯೋಪಾಧ್ಯಾಯರಿಗೆ ಕೊಡಬಹುದು.

ಹೆಚ್ಚಿನವರು ನಾಲ್ಕು ವಾರದೊಳಗೆ ಸುಧಾರಿಸುತ್ತಾರೆ. ಆ ಗಡುವು ದಾಟಿದರೆ ಒಬ್ಬ ವೈದ್ಯರಿಂದ ಕೆಲಸ ಸಾಗುವುದಿಲ್ಲ. ತಲೆಸುತ್ತಿಗೆ ಕಿವಿ-ಮೂಗು-ಗಂಟಲು ತಜ್ಞರು ಮತ್ತು ಸಮತೋಲನದ ವ್ಯಾಯಾಮ ಬಲ್ಲ ಫಿಸಿಯೋಥೆರಪಿಸ್ಟ್, ಕಣ್ಣಿಗೆ ನೇತ್ರತಜ್ಞರು, ನೆನಪು ಮತ್ತು ಗಮನದ ತೊಂದರೆಗೆ ನ್ಯೂರೋಸೈಕಾಲಜಿಸ್ಟ್, ಖಿನ್ನತೆ-ಆತಂಕಕ್ಕೆ ಮನೋವೈದ್ಯರು ಬೇಕಾಗುತ್ತಾರೆ. ಇವರಲ್ಲಿ ಹಲವರು ಒಂದೇ ಆವರಣದಲ್ಲಿ ಸಿಗುವ ಸರ್ಕಾರಿ ಸಂಸ್ಥೆಯೆಂದರೆ ಬೆಂಗಳೂರಿನ ನಿಮ್ಹಾನ್ಸ್. ಬಳ್ಳಾರಿಯಿಂದಲೇ 300 ಕಿ.ಮೀ. ದಾಟುತ್ತದೆ, ರಾಯಚೂರಿನಿಂದ ಇನ್ನೂ ದೂರ. ಹಾಗಾಗಿ ಜಿಲ್ಲೆಯ ನರರೋಗ ತಜ್ಞರ ಉಲ್ಲೇಖ ಪತ್ರ, ಸ್ಕ್ಯಾನಿನ ಫಿಲ್ಮು, ಮೊದಲ ದಿನ ಬರೆದಿಟ್ಟ ಹಾಳೆ ಮೂರನ್ನೂ ಒಂದೇ ಕಡತದಲ್ಲಿಟ್ಟುಕೊಂಡು ರಾತ್ರಿ ಬಸ್ ಹತ್ತಿ.

ನಮ್ಮ ಹುಡುಗ ಏಳನೆಯ ವಾರ ಮೈದಾನಕ್ಕೆ ಹೋದಾಗ ನರರೋಗ ತಜ್ಞರ ಒಪ್ಪಿಗೆ ಚೀಟಿಯನ್ನು ತರಬೇತುದಾರರ ಕೈಗೆ ಕೊಟ್ಟ. ಅವರು ಅದನ್ನು ಓದದೆ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು, "ರೈಡ್‌ಗೆ ಹೋಗು" ಎಂದರು. ಚೀಟಿಯಲ್ಲಿದ್ದದ್ದು ನಾಲ್ಕನೆಯ ಮೆಟ್ಟಿಲಿಗೆ ಮಾತ್ರ ಒಪ್ಪಿಗೆ, ಅಂದರೆ ಮೈ ತಾಗದ ಅಭ್ಯಾಸ. ಜೆರಾಕ್ಸ್ ಪ್ರತಿ ಹುಡುಗನ ಚೀಲದಲ್ಲಿತ್ತು. ಅದನ್ನು ತೆಗೆದು ಆ ಸಾಲನ್ನು ಗಟ್ಟಿಯಾಗಿ ಓದಿ ಹೇಳಿದ.