ಲ್ಯಾಪ್‌ಟಾಪ್ ಮೂಲಕ ಪಿಎಸ್4ಗೆ ನೆಟ್ ಕೊಟ್ಟ ಬಗೆ

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ತಗ್ಗಿನಲ್ಲಿ. ಮೊಬೈಲ್ ಸಿಗ್ನಲ್ ನೆಟ್ಟಗೆ ಸಿಗುವುದು ಉಪ್ಪರಿಗೆಯ ಕಿಟಕಿ ಹತ್ತಿರ ಮಾತ್ರ. ಟಿವಿ, ಪಿಎಸ್4 (ಪ್ಲೇಸ್ಟೇಷನ್ 4 ಅನ್ನುವ ಗೇಮ್ ಕನ್ಸೋಲ್) ಎರಡೂ ಕೆಳಗೆ ಹಾಲ್‌ನಲ್ಲಿವೆ. ನಡುವೆ ದಪ್ಪ ಮಣ್ಣಿನ ಗೋಡೆ. ನನ್ನ ಪಿಎಸ್4 2013ರ ಮೊದಲ ಮಾದರಿ, ಅದರ ವೈಫೈ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ. ಫೋನಿನ ಹಾಟ್‌ಸ್ಪಾಟ್ ಕೆಳಗೆ ತಲುಪುತ್ತಲೇ ಇರಲಿಲ್ಲ. ಕೇಬಲ್ ಎಳೆಯುವುದೇ ಸರಿ ಅನ್ನಿಸಿತು.

ಕಿಟಕಿಯಲ್ಲಿ ಫೋನ್ ಇಟ್ಟು, ಯುಎಸ್‌ಬಿ ಟೆದರಿಂಗ್‌ನಲ್ಲಿ, ಅಂದರೆ ಫೋನಿನ ನೆಟ್ ಯುಎಸ್‌ಬಿ ತಂತಿಯಲ್ಲಿ ಹೋಗುವಂತೆ, ಲ್ಯಾಪ್‌ಟಾಪ್‌ಗೆ ಜೋಡಿಸಿದೆ. ಲ್ಯಾಪ್‌ಟಾಪ್‌ನ ಲ್ಯಾನ್ (ಈಥರ್ನೆಟ್) ಪೋರ್ಟ್‌ನಿಂದ ಪಿಎಸ್4ಗೆ ಕ್ಯಾಟ್ 5ಇ ಅನ್ನುವ ನೆಟ್‌ವರ್ಕ್ ಕೇಬಲ್ ಇಳಿಸಿದೆ. ಈ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ, ಮನೆಯೊಳಗೆ ಚಿಂತೆಯೇ ಇಲ್ಲ. ಒಳಗಿನ ತಂತಿಗಳು ಅದಲುಬದಲಾಗಿರುವ ಕ್ರಾಸ್‌ಓವರ್ ಕೇಬಲ್ ಬೇಕಾಗಿಲ್ಲ, ಸಾದಾ ಕೇಬಲ್ ಸಾಕು.

ಆಮೇಲೆ ವಿಂಡೋಸ್ ಕೆಲಸ. ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋಗಿ, ನೆಟ್ ಬರುತ್ತಿರುವ ಅಡಾಪ್ಟರ್‌ನ (ಅಲ್ಲಿ ಕಾಣುವ ಸಂಪರ್ಕದ) ಪ್ರಾಪರ್ಟೀಸ್ ತೆರೆಯಬೇಕು. ಟೆದರಿಂಗ್ ಆದರೆ ಅದರ ವಿವರದಲ್ಲಿ ರಿಮೋಟ್ ಎನ್‌ಡಿಐಎಸ್ ಅಂತ ಇರುತ್ತದೆ. ಶೇರಿಂಗ್ ಟ್ಯಾಬ್‌ನಲ್ಲಿ ಮೊದಲ ಟಿಕ್ ಹಾಕಿ, ಕೆಳಗೆ ಪಟ್ಟಿ ಬಂದರೆ ಈಥರ್ನೆಟ್ ಆರಿಸಿ. ಹಂಚುವುದು ನೆಟ್ ಬರುವ ಕಡೆಯಿಂದ ಅನ್ನುವುದು ನೆನಪಿರಲಿ, ಟಿಕ್ ಈಥರ್ನೆಟ್‌ನ ಪ್ರಾಪರ್ಟೀಸ್‌ನಲ್ಲಿ ಅಲ್ಲ. ಆಗ ಲ್ಯಾಪ್‌ಟಾಪ್‌ನ ಈಥರ್ನೆಟ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ಗುರುತಿನ ಸಂಖ್ಯೆ) 192.168.137.1 ಆಗುತ್ತದೆ. ಪಿಎಸ್4ನಲ್ಲಿ ಲ್ಯಾನ್ ಕೇಬಲ್, ಈಸಿ ಅಂತ ಒತ್ತಿದರೆ ಸಾಕು. ವಿಳಾಸವನ್ನು ಲ್ಯಾಪ್‌ಟಾಪೇ ಕೊಡುತ್ತದೆ. ಕನ್ಸೋಲ್ ವಿಳಾಸವೂ 192.168.137ರಿಂದಲೇ ಶುರುವಾದರೆ ಈ ಕೊಂಡಿ ಸರಿ ಇದೆ ಅಂತ ಅರ್ಥ.

ಪಿಎಸ್4ನ ಕನೆಕ್ಷನ್ ಟೆಸ್ಟ್‌ನಲ್ಲಿ ನ್ಯಾಟ್ ಟೈಪ್ 3 ಅಂತ ಬಂದರೆ ಗಾಬರಿ ಬೇಡ. ನ್ಯಾಟ್ ಅಂದರೆ ದಾರಿಯಲ್ಲಿ ವಿಳಾಸ ಬದಲಿಸುವುದು, ಟೈಪ್ 3 ಅಂದರೆ ಹೊರಗಿನಿಂದ ಸಂಪರ್ಕಕ್ಕೆ ಹೆಚ್ಚು ಕಟ್ಟುಪಾಡು ಇರುವುದು. ಲ್ಯಾಪ್‌ಟಾಪ್ ಒಂದು ಸಲ ವಿಳಾಸ ಬದಲಿಸುತ್ತದೆ, ಫೋನ್ ಇನ್ನೊಂದು ಸಲ. ಎಷ್ಟೋ ಕಡೆ ಮೊಬೈಲ್ ಕಂಪನಿಯವರ ಕಡೆಯಲ್ಲೂ ಇದೇ ನಡೆಯುತ್ತದೆ. ಹೊರಗಿನವರು ನೇರವಾಗಿ ನಮ್ಮ ಕನ್ಸೋಲ್‌ಗೆ ಬರಲಾರರು, ಅಷ್ಟೇ. ಡೌನ್‌ಲೋಡ್‌ಗೆ ಅಡ್ಡಿಯಿಲ್ಲ, ಜಾಸ್ತಿ ಆಟಗಳೂ ನಡೆಯುತ್ತವೆ. ತೊಂದರೆ ಆಗುವುದು ಪಾರ್ಟಿ ಚಾಟ್‌ನಲ್ಲಿ ಮತ್ತು ನಾವೇ ಆಟ ಹೋಸ್ಟ್ ಮಾಡುವಾಗ. ನಾನು ಬೆಂಗಳೂರಲ್ಲಿರುವ ಅಣ್ಣನಿಗೇ ಹೋಸ್ಟ್ ಮಾಡಲು ಹೇಳುತ್ತೇನೆ, ಅವನದು ಟೈಪ್ 2, ಅಂದರೆ ಕಟ್ಟುಪಾಡು ಕಡಿಮೆ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗಿ ಬರುವುದು ಮಾಮೂಲಿ. ಲ್ಯಾಪ್‌ಟಾಪ್ ಆಫ್ ಆಗಿ ಮತ್ತೆ ಶುರುವಾದಾಗ ಶೇರಿಂಗ್ ನಿಂತಿರುತ್ತದೆ, ಟಿಕ್ ಮಾತ್ರ ಹಾಗೇ ಕಾಣುತ್ತದೆ. ಟಿಕ್ ತೆಗೆದು ಓಕೆ ಒತ್ತಿ, ಮತ್ತೆ ಹಾಕಿದರೆ ನೆಟ್ ಬರುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದರೂ ಲ್ಯಾಪ್‌ಟಾಪ್ ಮಲಗದಂತೆ ಮಾಡಿಕೊಳ್ಳಿ. ಟೆದರಿಂಗ್ ಸಂಪರ್ಕವನ್ನು ವಿಂಡೋಸ್‌ನಲ್ಲಿ ಮೀಟರ್ಡ್ (ಡೇಟಾ ಮಿತವಾಗಿ ಬಳಸಬೇಕಾದದ್ದು) ಅಂತಲೂ ಗುರುತು ಹಾಕಿ. ಇಲ್ಲದಿದ್ದರೆ ಆಟದ ಡೇಟಾವನ್ನು ವಿಂಡೋಸ್ ಅಪ್‌ಡೇಟ್ ಸುಮ್ನೆ ಖಾಲಿ ಮಾಡುತ್ತದೆ.